ಸಂಪಾದಕರ ಉತ್ತರ: ‘ಮಿಸೆಸ್’ ಎಂಬ ಪದದ ಹಿಂದಿನ ಹೆಂಗಸು

ಮಾನ್ಯರೆ,

ತಮ್ಮ ಕಾಗದವನ್ನು ಎರಡು ಸಲ ಓದಿದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಬೀಗರು ತೋರಿಸಿದ ವಂಶವೃಕ್ಷದಲ್ಲಿ, ಸೊಸೆಯ ಮುತ್ತಜ್ಜಿಯ ತಾಯಿ ಇರಬೇಕಾದ ಜಾಗದಲ್ಲಿ ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಎಂದು ಬರೆದದ್ದು ಬಿಟ್ಟರೆ ಮತ್ತೇನೂ ಇರಲಿಲ್ಲವೆಂದೂ, “ಹಾಗಾದರೆ ಅವಳ ಹೆಸರೇನು ಅಜ್ಜಿ?” ಎಂದು ಮೊಮ್ಮಗಳು ಕೇಳಿದಾಗ ಯಾರಲ್ಲಿಯೂ ಉತ್ತರವಿರಲಿಲ್ಲವೆಂದೂ ಬರೆದಿದ್ದೀರಿ. ಮನೆಯವರ ಬಾಯಲ್ಲಿ ಉಳಿದಿರುವುದು ಇಷ್ಟು: ಗಂಡ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ (1861–65) ಉತ್ತರದವರ ಕಡೆ ಹೋರಾಡಿದ ಸಿಪಾಯಿ, 1883ರಲ್ಲಿ ಇಬ್ಬರೂ ಓಹಾಯೊ ಬಿಟ್ಟು ನೆಬ್ರಾಸ್ಕಾದ ಹುಲ್ಲುಬಯಲಿಗೆ ಬಂದು ಸರ್ಕಾರಿ ಜಮೀನು ಹಿಡಿದರು, ಮೂರನೆಯ ವರ್ಷ ಅವನು ತೀರಿಕೊಂಡ, ಅವಳು ಐದು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಯೇ ನಿಂತಳು. ಈ ಪ್ರವರ್ತಕಿಯ ಬದುಕನ್ನು ಹುಡುಕಿ ಬರೆಯುವುದು ಹೇಗೆ, ಸಿಗದ ಕಡೆ ಊಹೆಯಿಂದ ತುಂಬಬಹುದೆ ಎಂಬುದು ತಮ್ಮ ಪ್ರಶ್ನೆ.

‘ಪ್ರವರ್ತಕಿ’ ಎಂಬ ಮಾತನ್ನು ಕುರಿತು ಮೊದಲೇ ಒಂದು ತಕರಾರು ಹೇಳಿಬಿಡುತ್ತೇನೆ. ಪಯೊನಿಯರ್ ಎಂಬುದಕ್ಕೆ ನಾವು ಇಟ್ಟುಕೊಂಡಿರುವ ಆ ಪದದಲ್ಲಿ ‘ಮೊದಲಿಗಳು’ ಎಂಬ ಅರ್ಥ ಅಡಗಿದೆ. ನೆಬ್ರಾಸ್ಕಾದ ನದೀತೀರಗಳಲ್ಲಿ ಪಾನೀ ಎಂಬ ಮೂಲನಿವಾಸಿ ಜನಾಂಗದ ಹೆಂಗಸರು ಬಹುಕಾಲದಿಂದ ಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು. ಆ ಜನರನ್ನು 1870ರ ದಶಕದಲ್ಲಿ ದಕ್ಷಿಣದ ಇಂಡಿಯನ್ ಟೆರಿಟರಿಗೆ (ಇಂದಿನ ಓಕ್ಲಹೋಮ) ಸಾಗಹಾಕಲಾಯಿತು. ಆದ್ದರಿಂದ ತಮ್ಮ ಬರಹದಲ್ಲಿ ‘ಹೊಸ ನೆಲದ ಒಕ್ಕಲಗಿತ್ತಿ’ ಎಂದರೆ ನನಗೆ ಹೆಚ್ಚು ಒಪ್ಪಿಗೆ. ಅವಳ ಕಷ್ಟ ಅದರಿಂದೇನೂ ಕಡಿಮೆಯಾಗುವುದಿಲ್ಲ.

ಅವಳ ಹೆಸರು ಮರೆಯಾದದ್ದು ಮನೆಯವರ ಅಲಕ್ಷ್ಯದಿಂದ ಮಾತ್ರವಲ್ಲ. ಇಂಗ್ಲೆಂಡಿನಿಂದ ಬಂದ ನ್ಯಾಯಪದ್ಧತಿಯಲ್ಲಿ ಮದುವೆಯಾದ ಹೆಣ್ಣಿನ ಕಾನೂನುಬದ್ಧ ವ್ಯಕ್ತಿತ್ವ ಗಂಡನದರೊಳಗೆ ಸೇರಿಹೋಗುತ್ತಿತ್ತು. ಆಸ್ತಿ, ಸಾಲ, ಕರಾರು ಎಲ್ಲವೂ ಅವನ ಹೆಸರಿನಲ್ಲಿ ನಡೆಯುತ್ತಿದ್ದವು. 19ನೇ ಶತಮಾನದ ಮಧ್ಯದಿಂದ ಒಂದೊಂದು ರಾಜ್ಯವೂ ಈ ಕಟ್ಟನ್ನು ಸಡಿಲಿಸುತ್ತ ಬಂದರೂ ದಾಖಲೆ ಬರೆಯುವವರ ಕೈ ಅಷ್ಟು ಬೇಗ ಬದಲಾಗಲಿಲ್ಲ. ಆದರೆ ಅದೇ ಕಾನೂನು ಕೆಲವು ಗಳಿಗೆಗಳಲ್ಲಿ ತಡೆದು ನಿಂತು, “ಈಗ ನೀನೇ ಹೇಳಬೇಕು” ಎಂದು ಅವಳ ಕಡೆಗೆ ತಿರುಗುತ್ತಿತ್ತು. ಮದುವೆ, ಜಮೀನಿನ ಮಾರಾಟ, ಎಲ್ಲಕ್ಕಿಂತ ಹೆಚ್ಚಾಗಿ ವೈಧವ್ಯ, ಇವು ಆ ಗಳಿಗೆಗಳು. ಹುಡುಕಾಟ ಅಲ್ಲಿಂದಲೇ ಆರಂಭವಾಗಬೇಕು. ಕಡತದ ಹೊದಿಕೆಯ ಮೇಲೆ ಗಂಡನ ಹೆಸರೇ ಇದ್ದರೂ ಒಳಗೆ ಮಾತನಾಡುವವಳು ಅವಳಾಗಿರಬಹುದು.

ಜಮೀನಿನ ಕಡತವನ್ನೇ ತೆಗೆದುಕೊಳ್ಳಿ. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನಿಕೆ ಹೊತ್ತವರು 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲಿ ವಾಸವಿದ್ದು ಸಾಗುವಳಿ ಮಾಡಿ ತೋರಿಸಿದರೆ ಹಕ್ಕುಪತ್ರ ಸಿಗುತ್ತಿತ್ತು. ಅವಿವಾಹಿತೆ, ವಿಧವೆ, ಗಂಡ ಬಿಟ್ಟುಹೋದವಳು ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಗಂಡನೊಡನೆ ಬಾಳುತ್ತಿದ್ದವಳಿಗೆ ಸಾಮಾನ್ಯವಾಗಿ ಆ ಅವಕಾಶವಿರಲಿಲ್ಲ. (ಇದಕ್ಕೂ ಹಿಂದೆ, 1850ರಲ್ಲಿ, ಆರೆಗಾನ್ ಪ್ರಾಂತಕ್ಕಾಗಿ ಮಾಡಿದ ಕಾನೂನು ದಂಪತಿಗಳಿಗೆ 640 ಎಕರೆ ಕೊಟ್ಟು ಅದರಲ್ಲಿ ಅರ್ಧವನ್ನು ಹೆಂಡತಿಯ ಹೆಸರಿಗೇ ಬರೆಯಬೇಕೆಂದಿತ್ತು. ಹೆಂಡತಿಯಿದ್ದರೆ ನೆಲ ಇಮ್ಮಡಿಯಾಗುವ ಲೆಕ್ಕ ಅದು.) ಅರ್ಜಿ ಹಾಕಿದವನು ನಡುವೆ ತೀರಿಕೊಂಡರೆ ಉಳಿದ ಅವಧಿ ಪೂರೈಸಿ ಹಕ್ಕು ಸಾಬೀತುಪಡಿಸುವ ಅಧಿಕಾರ ವಿಧವೆಗೆ ಬರುತ್ತಿತ್ತು. ತಮ್ಮ ಬೀಗರ ಮನೆಯ ಕಥೆ ನಿಜವಾಗಿದ್ದರೆ ನಡೆದದ್ದು ಇದೇ.

ಆ ಸಾಬೀತಿನ ದಿನ ಅವಳು ಗುಮಾಸ್ತನ ಮುಂದೆ ಕುಳಿತು, ಅಚ್ಚಾದ ನಮೂನೆಯ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹೇಳಿರಬೇಕು. ನಿನ್ನ ಹೆಸರೇನು, ವಯಸ್ಸೆಷ್ಟು? ಮನೆ ಕಟ್ಟಿದ್ದು ಯಾವಾಗ, ಅದು ಎಂಥ ಮನೆ, ಬೆಲೆ ಎಷ್ಟು? ಮನೆಯಲ್ಲಿ ಎಷ್ಟು ಜನ? ನೆಲ ಬಿಟ್ಟು ಎಂದಾದರೂ ಹೊರಗೆ ಇದ್ದೆಯಾ, ಇದ್ದರೆ ಏಕೆ? ಎಷ್ಟು ಎಕರೆ ಉತ್ತಿದ್ದೀ, ಏನು ಬೆಳೆದೆ? ಉತ್ತರಗಳಲ್ಲಿ ಭಾವನೆಗೆ ಎಡೆಯಿಲ್ಲ. ಆದರೆ ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಎಬ್ಬಿಸಿದ ಮನೆಯ ಉದ್ದಗಲ, ತೋಡಿಸಿದ ಬಾವಿಯ ಆಳ, ಕೋಳಿಗೂಡು, ನೆಟ್ಟ ಗಿಡಗಳು ಇಂಥವೆಲ್ಲ ಅಂಕಿ ಸಮೇತ ಅಲ್ಲಿರುತ್ತವೆ. ಜೊತೆಗೆ ಇಬ್ಬರು ನೆರೆಯವರ ಸಾಕ್ಷ್ಯ ಇರುತ್ತದೆ. ಸಾಬೀತಿಗೆ ಮುಂಚೆ ಹತ್ತಿರದ ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಗಿತ್ತು. ಸಾಕ್ಷಿಗಳ ಹೆಸರು ಅದರಲ್ಲಿಯೂ ಸಿಗುತ್ತದೆ, ಅವಳ ಕಷ್ಟಕ್ಕೆ ಆದ ನೆರೆಹೊರೆಯವರು ಯಾರೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ.

ಇನ್ನೊಂದು ದೊಡ್ಡ ಗಂಟು ಪಿಂಚಣಿಯ ಕಡತ. 1890ರ ಜೂನ್ 27ರ ಕಾಯಿದೆ, ಅಂತರ್ಯುದ್ಧದಲ್ಲಿ ಕನಿಷ್ಠ 90 ದಿನ ದುಡಿದ ಉತ್ತರ ಪಡೆಯ ಸಿಪಾಯಿಯ ವಿಧವೆಗೆ, ಅವನ ಸಾವು ಯುದ್ಧದಿಂದಲೇ ಆದದ್ದೆಂದು ತೋರಿಸುವ ಅಗತ್ಯವಿಲ್ಲದೆ, ತಿಂಗಳಿಗೆ 8 ಡಾಲರ್ ಕೊಡುವ ದಾರಿ ಮಾಡಿತು. ತನ್ನ ದುಡಿಮೆಯಲ್ಲದೆ ಬೇರೆ ಆಸರೆ ಇಲ್ಲದವಳಾಗಿರಬೇಕೆಂಬ ಷರತ್ತೂ ಇತ್ತು. ಆ 8 ಡಾಲರ್‌ಗಾಗಿ ಅವಳು ಮದುವೆ ಆದದ್ದು ನಿಜವೆಂದು ತೋರಿಸಬೇಕು, ಮಕ್ಕಳ ಹುಟ್ಟಿದ ದಿನ ಹೇಳಬೇಕು, ಮರುಮದುವೆಯಾಗಿಲ್ಲವೆಂದು ಪ್ರಮಾಣ ಮಾಡಬೇಕು. ಮದುವೆಗೆ ಬಂದಿದ್ದವರು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಚಿಕ್ಕಂದಿನ ಗೆಳತಿ ಇಂಥವರೆಲ್ಲ ಪ್ರಮಾಣ ಮಾಡಿ ಬರೆಸಿಕೊಟ್ಟ ಹೇಳಿಕೆಗಳು ಈ ಕಡತಗಳಲ್ಲಿ ಇರುತ್ತವೆ. ಬೇರೆ ಪುರಾವೆ ಇಲ್ಲದ ಕೆಲವರು ಮನೆಯ ಬೈಬಲ್ಲಿನಲ್ಲಿ ಹುಟ್ಟು-ಸಾವು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಕಳುಹಿಸಿದ್ದಾರೆ. ಮನೆಯ ಬೈಬಲ್ಲಿನ ಆ ಪುಟ ಕಾಣೆಯಾಗಿದೆಯೆಂದು ಬೀಗರು ಹೇಳಿದರೆ, ಅದು ವಾಷಿಂಗ್ಟನ್ನಿನ ಯಾವುದೋ ಕಡತದಲ್ಲಿ ಇರಬಹುದೆಂದು ಅವರಿಗೆ ತಿಳಿಸಿ.

ಜನಗಣತಿಯನ್ನು ತಾವು ಈಗಾಗಲೇ ನೋಡಿ ಬೇಸತ್ತಿರುವುದು ಪತ್ರದಿಂದ ತಿಳಿಯುತ್ತದೆ. 1880ರ ಪಟ್ಟಿಯಲ್ಲಿ ಅವಳ ವಯಸ್ಸಿನ ಹೆಂಗಸರ ವೃತ್ತಿಯ ಅಂಕಣದಲ್ಲಿ ಸಾಲುಸಾಲಾಗಿ ಕಾಣುವುದು ‘ಕೀಪಿಂಗ್ ಹೌಸ್’, ನಮ್ಮ ಮಾತಿನಲ್ಲಿ ಮನೆವಾರ್ತೆ. 1890ರ ಗಣತಿಯ ಬಹುಭಾಗ 1921ರ ಬೆಂಕಿಯಲ್ಲಿ ಕೆಟ್ಟುಹೋದದ್ದರಿಂದ ಮುಂದಿನ ಇಪ್ಪತ್ತು ವರ್ಷ ಕತ್ತಲೆಂದು ತಾವು ಬರೆದಿದ್ದೀರಿ. ನೆಬ್ರಾಸ್ಕಾದ ಮಟ್ಟಿಗೆ ಅಷ್ಟು ನಿರಾಶರಾಗಬೇಕಿಲ್ಲ. ಕೇಂದ್ರ ಸರ್ಕಾರದ ನೆರವಿನಿಂದ 1885ರಲ್ಲಿ ಗಣತಿ ಮಾಡಿದ ಬೆರಳೆಣಿಕೆಯ ರಾಜ್ಯ-ಪ್ರಾಂತಗಳಲ್ಲಿ ಅದೂ ಒಂದು. ಗಂಡ ಬದುಕಿದ್ದ ಕೊನೆಯ ದಿನಗಳ ಮನೆ ಅದರಲ್ಲಿ ಸಿಗಬೇಕು. ಅದರ ಕೃಷಿ ಪಟ್ಟಿಯನ್ನು ಬಿಡದೆ ನೋಡಿ. ಹೊಲದ ಒಡೆಯನೆಂದು ಗಂಡನ ಹೆಸರಿರುವ ಸಾಲಿನಲ್ಲಿಯೇ ಮುಂದೆ ಹೋದರೆ ವರ್ಷದಲ್ಲಿ ತೆಗೆದ ಬೆಣ್ಣೆ ಇಷ್ಟು ಪೌಂಡು, ಮೊಟ್ಟೆ ಇಷ್ಟು ಡಜನ್ ಎಂಬ ಅಂಕಿಗಳಿರುತ್ತವೆ. ಹಾಲು ಕರೆದು ಬೆಣ್ಣೆ ಕಡೆಯುವುದು, ಕೋಳಿ ಸಾಕುವುದು ಆ ಹೊಲಮನೆಗಳಲ್ಲಿ ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು; ಅಂಗಡಿಯಲ್ಲಿ ಸಕ್ಕರೆ, ಕಾಫಿ, ಬಟ್ಟೆಗೆ ಬದಲಾಗಿ ಕೊಡುತ್ತಿದ್ದದ್ದೂ ಅದನ್ನೇ. ‘ಮನೆವಾರ್ತೆ’ ಎಂದು ಬರೆದು ಮುಗಿಸಿದವರೇ ಇನ್ನೊಂದು ಹಾಳೆಯಲ್ಲಿ ಅವಳ ದುಡಿಮೆಯನ್ನು ತೂಕ ಹಾಕಿ ಬರೆದಿಟ್ಟಿದ್ದಾರೆ.

1890ರಲ್ಲಿಯೂ ಮಾಜಿ ಸಿಪಾಯಿಗಳನ್ನೂ ಅವರ ವಿಧವೆಯರನ್ನೂ ಬೇರೆಯಾಗಿ ಎಣಿಸಿದ ಪಟ್ಟಿಯೊಂದು ಉಂಟು. ಅದರ ನೆಬ್ರಾಸ್ಕಾ ಭಾಗ ಉಳಿದಿದೆ. ಇನ್ನು 1900ರ ಗಣತಿಯಲ್ಲಿ ಹೆಂಗಸರಿಗೆಂದೇ ಎರಡು ಅಂಕಣಗಳಿವೆ: ಹೆತ್ತದ್ದು ಎಷ್ಟು, ಬದುಕಿರುವುದು ಎಷ್ಟು. ಮನೆಯವರಿಗೆ ಐದು ಮಕ್ಕಳ ಹೆಸರು ಗೊತ್ತಿದೆ. ಮೊದಲ ಅಂಕಣದಲ್ಲಿ ಏಳು ಎಂದಿದ್ದರೆ, ಯಾರೂ ಹೆಸರಿಸದ ಇಬ್ಬರನ್ನು ಓಹಾಯೊದಲ್ಲಿಯೋ ನೆಬ್ರಾಸ್ಕಾದಲ್ಲಿಯೋ ಮಣ್ಣು ಮಾಡಿ ಬಂದವಳು ಆಕೆ ಎಂದಾಗುತ್ತದೆ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಮೊಮ್ಮಗಳಿಗೆ ಹೇಗೆ ಹೇಳುವುದೆಂಬುದನ್ನು ತಮ್ಮ ವಿವೇಕಕ್ಕೆ ಬಿಡುತ್ತೇನೆ.

ತವರಿನ ಹೆಸರಿಗಾಗಿ ಓಹಾಯೊದ ಕೌಂಟಿ (ನಮ್ಮ ಜಿಲ್ಲೆಯಂಥದು) ನ್ಯಾಯಾಲಯದ ಮದುವೆ ದಾಖಲೆ ನೋಡಬೇಕು. ಮಕ್ಕಳ ಮರಣಪತ್ರಗಳಲ್ಲಿ ತಾಯಿಯ ತವರು ಹೆಸರಿಗೆ ಜಾಗವಿರುತ್ತದೆ. ನೆಬ್ರಾಸ್ಕಾದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ನೋಂದಣಿ 1904ರಲ್ಲಿ ಮೊದಲಾಯಿತು. ಓಹಾಯೊದಲ್ಲಿ ಅವರು ಜಮೀನು ಮಾರಿದ್ದರೆ ಕ್ರಯಪತ್ರವನ್ನೂ ತರಿಸಿ. ಗಂಡನ ಆಸ್ತಿಯಲ್ಲಿ ಹೆಂಡತಿಗಿದ್ದ ವಿಧವಾಭಾಗವನ್ನು ಬಿಟ್ಟುಕೊಡಲು ಅವಳ ಸಹಿ ಬೇಕಾಗುತ್ತಿತ್ತು. ಹಲವು ಹಳೆಯ ಕ್ರಯಪತ್ರಗಳಲ್ಲಿ, ಗಂಡನನ್ನು ದೂರವಿಟ್ಟು ಹೆಂಡತಿಯೊಬ್ಬಳನ್ನೇ “ನಿನ್ನ ಇಷ್ಟದಿಂದಲೇ ಸಹಿ ಮಾಡುತ್ತಿದ್ದೀಯಾ?” ಎಂದು ಅಧಿಕಾರಿ ವಿಚಾರಿಸಿದ ಒಕ್ಕಣೆಯೂ ಸಿಗುತ್ತದೆ.

ಊಹೆಯ ಪ್ರಶ್ನೆಗೆ ಒಂದು ಚಿತ್ರದಿಂದ ಉತ್ತರಿಸುತ್ತೇನೆ. ಸಾಲಮನ್ ಬುಚರ್ ಎಂಬಾತ 1886ರಿಂದ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ಬಂಡಿ ಹೊಡೆದುಕೊಂಡು ತಿರುಗಿ ಒಕ್ಕಲು ಕುಟುಂಬಗಳ ಫೋಟೊ ತೆಗೆದ. ಅವುಗಳಲ್ಲೊಂದರಲ್ಲಿ ಬಯಲಿನ ನಡುವೆ, ದನಕರುಗಳಿಗೆ ಹತ್ತಿರದಲ್ಲಿ, ಒಂದು ಕಾಲುಹಾರ್ಮೋನಿಯಂ ನಿಂತಿದೆ. ಮಣ್ಣಿನ ಮನೆ ಚಿತ್ರದಲ್ಲಿ ಬಂದರೆ ಊರಿನ ನೆಂಟರೆದುರು ಮರ್ಯಾದೆ ಹೋಗುತ್ತದೆಂದು ಮನೆಯೊಡತಿ ಅದನ್ನು ಅಂಗಳಕ್ಕೆ ಹೊರಿಸಿ ತಂದು, ಚಿತ್ರವಾದ ಮೇಲೆ ಮತ್ತೆ ಒಳಗೆ ಹೊರಿಸಿದಳಂತೆ. ಇಂಥದನ್ನು ಕೂತಲ್ಲಿಯೇ ಕಲ್ಪಿಸಿಕೊಳ್ಳಲು ನನ್ನಿಂದಾಗದು. ನಮ್ಮ ಊಹೆ ಏನು ಮಾಡುತ್ತದೆಂದರೆ ಕಣ್ಣೀರು ತುಂಬಿದ ತಾಳ್ಮೆಯ ತಾಯಿಯೊಬ್ಬಳನ್ನು ತಂದು ನಿಲ್ಲಿಸುತ್ತದೆ, ಎಲ್ಲ ಮನೆತನಗಳಿಗೂ ಅವಳೊಬ್ಬಳೇ ಸಾಕಾಗುತ್ತಾಳೆ. ಆದಕಾರಣ ಸಿಗದ ಕಡೆ “ಇದು ತಿಳಿಯದು” ಎಂದೇ ಬರೆಯಿರಿ. ನೆರೆಯವಳ ಬದುಕಿನಿಂದ ಎರವಲು ತಂದದ್ದಾದರೆ ನೆರೆಯವಳದೆಂದೇ ಹೇಳಿ. ನಮ್ಮ ಪತ್ರಿಕೆಗೆ ಕಳುಹಿಸುವುದಾದರೆ ಈ ಒಂದು ವಿಷಯದಲ್ಲಿ ನಾನು ನಿಷ್ಠುರ.

ಮೊದಲ ಕೆಲಸವಾಗಿ ಸೊಸೆಯವರು ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಹಕ್ಕುಪತ್ರವನ್ನು ಹುಡುಕಲಿ. ಗಂಡನ ಹೆಸರಿನಲ್ಲಿ ಸಿಗದಿದ್ದರೆ ಗಾಬರಿಯಾಗುವುದು ಬೇಡ, ‘ಇಂಥವನ ವಿಧವೆ’ ಎಂದು ಅವಳ ಸ್ವಂತ ಹೆಸರಿನಲ್ಲಿಯೇ ಪತ್ರ ಹೊರಟಿರಬಹುದು. ಅದರಲ್ಲಿರುವ ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆಗಳನ್ನು (ನಮ್ಮ ಸರ್ವೆ ನಂಬರಿನಂತೆ ಜಮೀನನ್ನು ಗುರುತಿಸುವ ಅಂಕಿಗಳು) ಕೊಟ್ಟು ರಾಷ್ಟ್ರೀಯ ಪತ್ರಾಗಾರದಿಂದ ಪೂರ್ತಿ ಕಡತದ ಪ್ರತಿ ತರಿಸಬೇಕು. ಬಂದ ಕೂಡಲೇ ಅವಳ ಹೇಳಿಕೆಯ ಕೊನೆಯ ಹಾಳೆಗೆ ಹೋಗಿ. ಬರೆಯಬಲ್ಲವಳಾಗಿದ್ದರೆ ಸಹಿ ಇರುತ್ತದೆ. ಇಲ್ಲವಾದರೆ ಶಾಯಿಯ ಒಂದು ಕತ್ತರಿ ಗುರುತು, ಅದರ ಮೇಲೆ ಗುಮಾಸ್ತನ ಕೈಬರಹದಲ್ಲಿ ‘ಹರ್’, ಕೆಳಗೆ ‘ಮಾರ್ಕ್’. ಬಲಕ್ಕೆ ಗಂಡನಿಂದ ಬಂದ ಮನೆತನದ ಹೆಸರು, ಎಡಕ್ಕೆ ಮೊಮ್ಮಗಳು ಕೇಳಿದ ಹೆಸರು.

— ಸಂ.