ಇಪ್ಪತ್ತೆರಡನೇ ನಿಮಿಷಕ್ಕೆ ಸಿಕ್ಕ ಫೋನ್

(ನನ್ನ ಬಳಿ ಸಲಹೆಗೆ ಬಂದವರ ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನಮ್ಮ ಹುಡುಗನಿಗೆ ಹಠ ಜಾಸ್ತಿ. ಫೋನ್ ಕೊಡದಿದ್ದರೆ ಒಂದು ತುತ್ತೂ ಇಳಿಯಲ್ಲ." ಕುರ್ಚಿಯಲ್ಲಿ ಕೂರುವ ಮೊದಲೇ ಆ ತಾಯಿ ಹೇಳಿದರು. ಮಗನಿಗೆ ನಾಲ್ಕು ವರ್ಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲು ಮಗು ಅಜ್ಜಿಯ ಹತ್ತಿರ. ತೂಕ, ಬೆಳವಣಿಗೆ ಸರಿಯಾಗಿದೆ ಎಂದು ಮಕ್ಕಳ ಡಾಕ್ಟರು ಹೇಳಿದ್ದರು.

ಮೊದಲ ವಾರ ನಾನು ಸಲಹೆ ಕೊಡಲಿಲ್ಲ. ಯಾವಾಗ ಅತ್ತ, ಎಷ್ಟು ಹೊತ್ತು ಅತ್ತ, ಆಮೇಲೆ ಏನಾಯಿತು, ಇಷ್ಟನ್ನು ಮಾತ್ರ ಬರೆದು ತನ್ನಿ ಅಂದೆ. ತಂದ ಪುಟದಲ್ಲಿ ಹೀಗಿತ್ತು: "ಸೋಮವಾರ, 5 ನಿಮಿಷ, ಕೊಡಲಿಲ್ಲ. ಮಂಗಳವಾರ, 10 ನಿಮಿಷ, ಅತ್ತೆ ಕೊಟ್ಟರು. ಬುಧವಾರ, 22 ನಿಮಿಷ, ತಟ್ಟೆ ಎಸೆದ, ಕೊಟ್ಟೆ." ಮೂರನೇ ಸಾಲಿನ ಮೇಲೆ ಸಾರಿನ ಕಲೆ ಇತ್ತು.

ಹುಡುಗ ಕಲಿತದ್ದು ಆ ಪುಟದಲ್ಲೇ ಇದೆ. ಐದು ನಿಮಿಷ ಸಾಲದು, ಇನ್ನೂ ಅಳಬೇಕು. ಒಂದು ನಡವಳಿಕೆಯ ಬೆನ್ನಿಗೇ ಬೇಕಾದ್ದು ಸಿಕ್ಕರೆ ಅದು ಗಟ್ಟಿಯಾಗುತ್ತದೆ. ಇದೇ ಪುನರ್ಬಲನ. ಪ್ರತಿಸಲ ಸಿಗುವುದಕ್ಕಿಂತ ಒಮ್ಮೊಮ್ಮೆ ಸಿಕ್ಕರೆ ಬಿಡಿಸುವುದು ಇನ್ನೂ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಗಳಲ್ಲಿ, ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಿಲ್ಲದ ಪಾರಿವಾಳ ಬಿಡದೆ ಕುಕ್ಕುತ್ತಿತ್ತು.

ಕಲಿತದ್ದು ಹುಡುಗನೊಬ್ಬನೇ ಅಲ್ಲ. ಫೋನ್ ಕೊಟ್ಟ ತಕ್ಷಣ ಅಳು ನಿಲ್ಲುತ್ತದೆ. ಆ ನೆಮ್ಮದಿ, ಕೊಟ್ಟವರಿಗೆ ಸಿಗುವ ಬಹುಮಾನ. ಕಿರಿಕಿರಿ ತಪ್ಪಿದ್ದರಿಂದ ಗಟ್ಟಿಯಾಗುವ ಈ ಬಗೆಗೆ ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಇದನ್ನು ಶಿಕ್ಷೆ ಎಂದು ತಿಳಿಯುವವರು ತುಂಬಾ ಜನ. ವಿವರಿಸಿದಾಗ ಆಕೆಯ ಕಣ್ಣು ತುಂಬಿತು. "ಹಾಗಾದ್ರೆ ತಪ್ಪು ನನ್ನದೇ ಅಲ್ವಾ?" ಖಂಡಿತ ಅಲ್ಲ. ದಣಿದು ಬಂದವರಿಗೆ ಮನೆ ಸುಮ್ನಾದರೆ ಸಾಕು ಅನ್ನಿಸುತ್ತದೆ. ಯಾರಿಗೆ ತಾನೇ ಅನ್ನಿಸದು?

ಮುಂದಿನ ಸಲ ಅತ್ತೆಯವರನ್ನೂ ಕರೆಸಿದೆ. ಊಟದ ಹೊತ್ತಿಗೆ ಯಾರ ಫೋನೂ ಕಣ್ಣಿಗೆ ಬೀಳಬಾರದು ಅಂದೆ. ಅಳುವಾಗ ಪಕ್ಕದಲ್ಲೇ ಇರಿ, ಬೈಗುಳ, ಬುದ್ಧಿಮಾತು ಬೇಡ. ಅವೂ ಮಗುವಿಗೆ ಸಿಗುವ ಗಮನವೇ. ಬಾಯಿಗೆ ತುರುಕಬೇಡಿ. ತಾನಾಗಿ ಒಂದು ತುತ್ತು ತಿಂದರೆ ಆ ಕ್ಷಣವೇ ಮಾತಾಡಿಸಿ, "ಚಪಾತಿ ನೀನೇ ಮುರಿದ್ಯಲ್ಲ ಪುಟ್ಟಾ" ಎನ್ನಿ. ಊಟ ಮುಗಿದ ಮೇಲೆ ಅವನ ಜೊತೆ ಆಟ. ಮೊದಲ ದಿನಗಳಲ್ಲಿ ಅಳು ಇನ್ನೂ ಜೋರಾಗಬಹುದು, ಆಗ ಸೋತರೆ ಜೋರು ಅಳುವಿಗೇ ಬಹುಮಾನ ಕೊಟ್ಟಂತೆ.

"ಮಗು ಹಸಿದು ಮಲಗೋದನ್ನ ನೋಡೋಕಾಗಲ್ಲ ಕಣಮ್ಮ," ಅಂದರು ಅತ್ತೆ. ಅವರಿಗೆ 1959ರಲ್ಲಿ ಸಿ.ಡಿ. ವಿಲಿಯಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬರೆದ ಪ್ರಕರಣ ಹೇಳಿದೆ. 21 ತಿಂಗಳ ಮಗು. ಮಲಗಿಸಿ ಹೊರಗೆ ಬಂದರೆ ಚೀರುತ್ತಿತ್ತು. ಮತ್ತೆ ಒಳಗೆ ಹೋಗದೆ ಬಿಟ್ಟ ಮೊದಲ ಸಲ 45 ನಿಮಿಷ ಅತ್ತಿತು. ಹತ್ತನೇ ಸಲಕ್ಕೆ ನಗುತ್ತಾ ಮಲಗಿತು. ವಾರದ ನಂತರ ಮಗುವಿನ ಅತ್ತೆಯೋ ಚಿಕ್ಕಮ್ಮನೋ ಒಬ್ಬರು ಮನಸ್ಸು ತಡೆಯದೆ ವಾಪಸು ಹೋದರು. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಹುಡುಗನ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಫೋನ್ ಬೀರುವಿನಲ್ಲಿ ಇಡ್ತೀನಿ ಬಿಡು," ಅಂದರು.

ಎರಡನೇ ದಿನ 31 ನಿಮಿಷ ಅತ್ತ. ಮೂರನೇ ವಾರದ ಪುಟದಲ್ಲಿ ಅಜ್ಜಿಯ ಅಕ್ಷರ: "ಶುಕ್ರವಾರ. ಅಳಲಿಲ್ಲ. ಒಂದೂವರೆ ಚಪಾತಿ." ನೆಂಟರು ಬಂದ ದಿನ ಮಾತ್ರ ಈಗಲೂ ಫೋನ್ ಕೇಳುತ್ತಾನೆ. ಆ ದಿನಗಳನ್ನೂ ಬರೆದಿಡುತ್ತಿದ್ದಾರೆ.