ರೈಫಲ್ಲಿನ ಪಿನ್ನು ಹೊರಬರುತ್ತಿದೆ, ಹೊಸದು ಹಾಕಬೇಕೆ?

ಪ್ರಶ್ನೆ: ನಾನು ಟೆಕ್ಸಾಸಿನಲ್ಲಿ ನೆಲೆಸಿರುವ ಕನ್ನಡಿಗ, ಅಮೆರಿಕದ ಪೌರ. ಗುರಿ ಅಭ್ಯಾಸಕ್ಕೆಂದು ಎಆರ್-15 ಮಾದರಿಯ ರೈಫಲ್ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಟ್ರಿಗರ್ ಭಾಗವನ್ನು ನಾನೇ ಬಿಚ್ಚಿ, ಶುಚಿ ಮಾಡಿ ಜೋಡಿಸಿದೆ. ಆಮೇಲೆ ಅರವತ್ತು ಎಪ್ಪತ್ತು ಗುಂಡು ಹಾರಿಸುವಷ್ಟರಲ್ಲಿ ಎರಡು ಪಿನ್ನುಗಳ ಪೈಕಿ ಹಿಂದಿನದು ಎಡಗಡೆಗೆ ಎರಡು ಮಿಲಿಮೀಟರಿನಷ್ಟು ಹೊರಬಂದಿತ್ತು. ಅಂಗಡಿಯವರು 0.154 ಅಂಗುಲದ್ದು ಬೇಕೋ 0.170 ಅಂಗುಲದ್ದು ಬೇಕೋ ಎನ್ನುತ್ತಾರೆ. ಗೆಳೆಯರು ‘ಆಂಟಿ-ವಾಕ್’ (ಸರಿದು ಹೊರಬರದಂತೆ ತಡೆಯುವ) ಪಿನ್ನು ಹಾಕಿಸು ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ: ಹೊರಬಂದದ್ದು ಹಿಂದಿನ ಪಿನ್ನು, ಮತ್ತು ಅದು ಹೊರಬರತೊಡಗಿದ್ದು ನೀವು ಬಿಚ್ಚಿ ಜೋಡಿಸಿದ ಮೇಲೆ. ಈ ಎರಡೂ ಸೇರಿದಾಗ ದೋಷ ಪಿನ್ನಿನಲ್ಲಿರುವುದಕ್ಕಿಂತ ಸ್ಪ್ರಿಂಗ್ ಕೂತಿರುವ ರೀತಿಯಲ್ಲಿರುವ ಸಾಧ್ಯತೆಯೇ ಹೆಚ್ಚು.

ಈ ರೈಫಲ್ಲಿನಲ್ಲಿ ಮುಂದಿನ, ತುಸು ಮೇಲಿರುವ ಪಿನ್ನು ಹ್ಯಾಮರಿನದು (ಹಳೆಯ ಕೋವಿಗಳಲ್ಲಿ ನಾವು ಕುದುರೆ ಎನ್ನುವ ಭಾಗ). ಹಿಂದಿನ, ಕೆಳಗಿನ ಪಿನ್ನು ಟ್ರಿಗರಿನದು. ಎರಡೂ ಒಂದೇ ಅಳತೆಯವು, ಅದಲುಬದಲು ಮಾಡಿದರೂ ನಡೆಯುತ್ತದೆ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಮೈಮೇಲೆ ಎರಡು ಗಾಡಿಗಳು, ಅಂದರೆ ಸುತ್ತಲೂ ಕೊರೆದ ಸಣ್ಣ ಗೆರೆಗಳು ಕಾಣುತ್ತವೆ. ಒಂದು ನಡುವೆ, ಇನ್ನೊಂದು ಒಂದು ತುದಿಯ ಹತ್ತಿರ. ನಡುವಿನ ಗಾಡಿ ಇರುವುದು ಹ್ಯಾಮರಿಗಾಗಿ: ಹ್ಯಾಮರಿನ ಒಳಗೆ ಇಂಗ್ಲಿಷಿನ ‘ಜೆ’ ಅಕ್ಷರದಂತೆ ಬಾಗಿದ ಒಂದು ತಂತಿ ಸ್ಪ್ರಿಂಗ್ ಇದ್ದು, ಪಿನ್ನು ಪೂರ್ತಿ ಒಳಹೋದಾಗ ಅದು ಈ ಗಾಡಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ಟ್ರಿಗರಿನ ಒಳಗೆ ಅಂಥ ತಂತಿ ಇಲ್ಲ. ಅದರ ಪಿನ್ನನ್ನು ಹಿಡಿದಿಡುವುದು ಹ್ಯಾಮರ್ ಸ್ಪ್ರಿಂಗಿನ ಕಾಲು. ಆ ಸ್ಪ್ರಿಂಗಿನ ಎರಡು ಕಾಲುಗಳೂ ಟ್ರಿಗರ್ ಪಿನ್ನಿನ ಮೇಲೆ ಒರಗಿರಬೇಕು, ಅವುಗಳಲ್ಲೊಂದು ತುದಿಯ ಗಾಡಿಯೊಳಗೆ ಕೂತಿರಬೇಕು. ಜೋಡಿಸುವಾಗ ಕಾಲುಗಳು ಪಿನ್ನಿನ ಮೇಲೇರದೆ ಕೆಳಗೆ ಜಾರಿದರೆ, ಅಥವಾ ಗಾಡಿಯ ಪಕ್ಕದಲ್ಲಿ ನಿಂತರೆ, ಪಿನ್ನಿಗೆ ಯಾವ ತಡೆಯೂ ಉಳಿಯದೆ ಪ್ರತಿ ಗುಂಡಿನ ಅದುರಿಗೂ ಅದು ಕೂದಲೆಳೆಯಷ್ಟು ಸರಿಯುತ್ತ ಬರುತ್ತದೆ.

ಆದುದರಿಂದ ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಗೂಡು) ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಮೇಲ್ಭಾಗವನ್ನು ಬೇರ್ಪಡಿಸಿ ಈ ಕಾಲುಗಳನ್ನು ನೋಡಿ. ಮೇಲ್ಭಾಗವಿಲ್ಲದಾಗ ಹ್ಯಾಮರನ್ನು ಸುಮ್ಮನೆ ಬಡಿಯಲು ಬಿಡಬೇಡಿ, ಹೆಬ್ಬೆರಳಿನಿಂದ ತಡೆದು ಇಳಿಸಿ. ಇಲ್ಲವಾದರೆ ಅದು ನೇರವಾಗಿ ಅಲ್ಯೂಮಿನಿಯಂ ರಿಸೀವರಿಗೆ, ಅಂದರೆ ಟ್ರಿಗರ್ ಕೂರುವ ಕೆಳಭಾಗದ ಚೌಕಟ್ಟಿಗೆ, ಅಪ್ಪಳಿಸುತ್ತದೆ. ಕಾಲುಗಳನ್ನು ಸರಿಯಾಗಿ ಕೂರಿಸಿದ ಬಳಿಕ ಪಿನ್ನನ್ನು ಬೆರಳಿನಿಂದ ಎರಡೂ ಕಡೆಯಿಂದ ಒತ್ತಿ ನೋಡಿ. ಅದು ಸರಿಯದಿದ್ದರೆ ನಿಮ್ಮ ಸಮಸ್ಯೆ ದುಡ್ಡಿಲ್ಲದೆ ಮುಗಿದಂತೆ.

ಮುಗಿಯದಿದ್ದರೆ ಅಳತೆಯ ಮಾತು ಬರುತ್ತದೆ. ಈ ಮಾದರಿಯ ಬಹುಪಾಲು ರೈಫಲ್ಲುಗಳಿಗೆ 0.154 ಅಂಗುಲದ, ಅಂದರೆ ಸುಮಾರು 3.9 ಮಿಲಿಮೀಟರ್ ವ್ಯಾಸದ ಪಿನ್ನು. 0.170 ಅಂಗುಲದ ದಪ್ಪ ಪಿನ್ನು ಕೋಲ್ಟ್ ಕಂಪನಿ ನಾಗರಿಕರಿಗೆಂದು ಮಾರಿದ ಕೆಲವು ಹಳೆಯ ರೈಫಲ್ಲುಗಳಲ್ಲಿ ಮಾತ್ರ ಸಿಗುತ್ತದೆ. ನಿಮ್ಮದು ಯಾವುದೆಂದು ಊಹಿಸಬೇಕಿಲ್ಲ. ಇರುವ ಪಿನ್ನನ್ನೇ ಹೊರತೆಗೆದು ಮೈಕ್ರೋಮೀಟರಿನಲ್ಲಿ, ಅದಿಲ್ಲದಿದ್ದರೆ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಪಿನ್ನು, ರಿಸೀವರಿನ ತೂತು, ಟ್ರಿಗರ್ ಮತ್ತು ಹ್ಯಾಮರಿನ ತೂತು ಎಲ್ಲವೂ ಒಂದೇ ಅಳತೆಗೆ ಹೊಂದಿರಬೇಕೆಂಬುದನ್ನು ಮರೆಯಬೇಡಿ. ದಪ್ಪ ತೂತಿನ ರಿಸೀವರಿಗೆ ಸಣ್ಣ ತೂತಿನ ಟ್ರಿಗರ್ ಹಾಕಬೇಕಾದವರಿಗೆಂದೇ ತುದಿಗಳು ದಪ್ಪ, ನಡು ಸಣ್ಣ ಇರುವ ಮೆಟ್ಟಿಲು ಪಿನ್ನುಗಳು ಮಾರುಕಟ್ಟೆಯಲ್ಲಿವೆ. ತೂತನ್ನು ಡ್ರಿಲ್ ಮಾಡಿ ದೊಡ್ಡದು ಮಾಡುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ: ಅಮೆರಿಕದ ಕಾನೂನಿನಲ್ಲಿ ಸೀರಿಯಲ್ ನಂಬರ್ ಹೊತ್ತ ಆ ರಿಸೀವರೇ ಬಂದೂಕು, ಅದು ಕೆಟ್ಟರೆ ಬಂದೂಕೇ ಕೆಟ್ಟಂತೆ.

ಇನ್ನು ಆಂಟಿ-ವಾಕ್ ಪಿನ್ನು. ಹ್ಯಾಮರಿನ ಒಳಗಿನ ತಂತಿ ಪಿನ್ನನ್ನು ಹಿಡಿದಿರುವುದರಿಂದ ಹ್ಯಾಮರಿನೊಡನೆ ಪಿನ್ನೂ ಅಷ್ಟಿಷ್ಟು ತಿರುಗುತ್ತದೆ. ಗಟ್ಟಿ ಉಕ್ಕು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಸಾವಿರಾರು ಸಲ ಹೊರಳಿದರೆ ದುಂಡನೆಯ ತೂತು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎರಡೂ ಪಿನ್ನುಗಳ ತುದಿಗಳನ್ನು ಹೊರಗಿನಿಂದ ಪಟ್ಟಿಯೊಂದರಲ್ಲಿ ಬಂಧಿಸುವ ಬಗೆಯ ಪಿನ್ನುಗಳು ಸರಿಯುವುದನ್ನೂ ತಿರುಗುವುದನ್ನೂ ತಡೆಯುತ್ತವೆ. ತೂತು ಆಗಲೇ ಸವೆದಿದ್ದರೆ, ಅಥವಾ ನಿಮ್ಮದು ಒಂದೇ ಪೆಟ್ಟಿಗೆಯಾಗಿ ಬರುವ, ಒಳಗೆ ಹಿಡಿತದ ತಂತಿಯಿಲ್ಲದ ಕ್ಯಾಸೆಟ್ ಟ್ರಿಗರ್ ಆಗಿದ್ದರೆ ಅವು ಬೇಕು. ತಯಾರಕರು ಟ್ರಿಗರಿನೊಡನೆ ಕೊಟ್ಟ ಪಿನ್ನನ್ನೇ ಬಳಸಿ. ಕಾರ್ಖಾನೆಯಿಂದ ಬಂದಂತಿರುವ ಸಾಮಾನ್ಯ ಟ್ರಿಗರಿಗೆ ಆಂಟಿ-ವಾಕ್ ಪಿನ್ನು, ನನ್ನ ಅಭಿಪ್ರಾಯದಲ್ಲಿ, ಅಲಂಕಾರವೇ ಹೆಚ್ಚು. ಸ್ಟೇನ್‌ಲೆಸ್ ಪಿನ್ನು ತುಕ್ಕಿಗೆ ಒಳ್ಳೆಯದು, ಸರಿಯುವುದಕ್ಕೆ ಮದ್ದಲ್ಲ.

ಮತ್ತೆ ಜೋಡಿಸುವಾಗ ಹಿತ್ತಾಳೆಯ ಪಂಚ್ ಬಳಸಿ. ಪಿನ್ನು ಬೆರಳೊತ್ತಿಗೋ ಲಘು ತಟ್ಟಿಗೋ ಹೋಗಬೇಕು. ಸುತ್ತಿಗೆಯ ಪೆಟ್ಟು ಬೇಕಾಯಿತೆಂದರೆ ಒಳಗಿನ ತೂತುಗಳು ನೇರಕ್ಕಿಲ್ಲವೆಂದೇ ಅರ್ಥ. ಮೇಲ್ಭಾಗ ಕೂಡಿಸಿದ ಮೇಲೆ ಖಾಲಿ ರೈಫಲ್ಲನ್ನು ಪರೀಕ್ಷಿಸಿ: ಸೇಫ್ಟಿಯಲ್ಲಿ ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳಬಾರದು, ಸೇಫ್ಟಿ ತೆಗೆದು ಒತ್ತಿದರೆ ಬೀಳಬೇಕು, ಟ್ರಿಗರನ್ನು ಒತ್ತಿಹಿಡಿದೇ ಚಾರ್ಜಿಂಗ್ ಹ್ಯಾಂಡಲ್ ಎಳೆದು ಬಿಟ್ಟರೆ ಹ್ಯಾಮರ್ ಬೀಳದೆ ನಿಲ್ಲಬೇಕು, ಟ್ರಿಗರನ್ನು ಮೆಲ್ಲಗೆ ಬಿಟ್ಟಾಗ ‘ಟಿಕ್’ ಎಂಬ ಸದ್ದು ಕೇಳಿ, ಮತ್ತೆ ಒತ್ತಿದಾಗ ಮಾತ್ರ ಬೀಳಬೇಕು. ಇದರಲ್ಲಿ ಒಂದು ತಪ್ಪಿದರೂ ರೈಫಲ್ಲನ್ನು ರೇಂಜಿಗೆ ಒಯ್ಯದೆ ಗನ್‌ಸ್ಮಿತ್ ಬಳಿಗೆ ಒಯ್ಯಿರಿ.

ಪ್ರಶ್ನೆ: ನಮ್ಮದು ಕೊಡಗು. ತಾತನ ಕಾಲದ ಜೋಡುನಳಿಗೆ ಕೋವಿಯ ಕುದುರೆಯ ಪಿನ್ನು ಸವೆದಿದೆ. ವಿದೇಶದಿಂದ ತರಿಸಿ ನಾನೇ ಹಾಕಬಹುದೆ?

ಉತ್ತರ: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ಬಿಡಿಭಾಗ ಆಮದಿಗಲ್ಲ. ಅಲ್ಲದೆ ಹಳೆಯ ಇಂಗ್ಲಿಷ್ ಕೋವಿಗಳ ಕಸಬಿನಲ್ಲಿ ಸ್ಕ್ರೂವನ್ನೇ ಪಿನ್ನು ಎಂದು ಕರೆಯುವ ರೂಢಿಯಿದೆ, ಕ್ಯಾಟಲಾಗ್ ನೋಡಿ ತರಿಸಿದವರು ಇಲ್ಲೇ ಮೋಸಹೋಗುತ್ತಾರೆ. ಆ ಕೋವಿಗಳ ಭಾಗಗಳನ್ನು ಒಂದೊಂದನ್ನೂ ಅರದಿಂದ ತಿದ್ದಿ ಕೂರಿಸಿರುತ್ತಾರೆ. ಕೋವಿಯ ದಾಖಲೆಯೊಡನೆ ಪರವಾನಗಿ ಇರುವ ಗನ್‌ಸ್ಮಿತ್ ಬಳಿಗೆ ಹೋಗಿ, ಸವೆದ ಪಿನ್ನನ್ನು ಎಸೆಯದೆ ಜೊತೆಗೆ ಒಯ್ಯಿರಿ. ಹೊಸದನ್ನು ಕಡೆಯುವುದಕ್ಕೆ ಅವರಿಗೆ ಅದೇ ಅಳತೆಗೋಲು.