ಕೆಟ್ಟ ಕೋಚ್ ಯಾರು? ಬಿರಿಯಾನಿ ಯಾರದು?

(ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ: ನಾವು ನಾಲ್ವರು ಗೆಳೆಯರು, ಎಲ್ಲರೂ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು. ಕಂಠೀರವದಲ್ಲಿ ಪಂದ್ಯ ನೋಡಿ ಮೆಟ್ರೊದಲ್ಲಿ ಮನೆಗೆ ಬರುವಾಗ ಜಗಳ ಶುರುವಾಯಿತು. ಕ್ಲಬ್ಬಿನ ಇತಿಹಾಸದಲ್ಲೇ ಅತಿ ಕೆಟ್ಟ ಕೋಚ್ ಯಾರು? ನಾನೂ ಇನ್ನೊಬ್ಬನೂ ಗ್ರೇಸನ್ ಅಂತೀವಿ. ಮೂರನೆಯವನು ಝಾರಗೋಝಾ ಅಂತಾನೆ. ನಾಲ್ಕನೆಯವನು ಕ್ವಾದ್ರತ್ ಅಂತ ಹಟ ಹಿಡಿದಿದ್ದಾನೆ. ತೀರ್ಪು ನೀವೇ ಕೊಡಿ. ಸೋತವರು ಬಿರಿಯಾನಿ ಕೊಡಿಸಬೇಕು.)

ಪ್ರಿಯ ಓದುಗರೇ,

ಬಿರಿಯಾನಿ ವಿಚಾರ ಮೊದಲು ಮುಗಿಸೋಣ. ಬಿಲ್ ಕೊಡಬೇಕಾದವರು ನಿಮ್ಮ ನಾಲ್ಕನೇ ಗೆಳೆಯರು. ರಾಯತ ಸಮೇತ.

2018ರ ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಕಂಠೀರವದಲ್ಲೇ ನಡೆದು, ಚೆನ್ನೈಯಿನ್ ಎದುರು ನಾವು 2-3ರಿಂದ ಸೋತದ್ದು ಅವರು ಮರೆತಿರಲಿಕ್ಕಿಲ್ಲ. ಆಗ ಆಲ್ಬರ್ಟ್ ರೋಕಾ ಕೋಚ್. ಅವರ ಜಾಗಕ್ಕೆ ಬಂದ ಕಾರ್ಲೆಸ್ ಕ್ವಾದ್ರತ್ ಮರುವರ್ಷ ತಂಡವನ್ನು ಮತ್ತೆ ಫೈನಲ್‌ಗೆ ಒಯ್ದರು. ಮುಂಬೈಯಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೆಡರ್ ಹೊಡೆದರು, ಕಪ್ ನಮ್ಮದಾಯಿತು. ನಿಜ, 2021ರ ಜನವರಿಯಲ್ಲಿ ಸತತ ಮೂರು ಸೋಲಾದ ಮೇಲೆ ಅವರು ಹೊರಟರು. ಆದರೆ ಕಪ್ ತಂದುಕೊಟ್ಟವರನ್ನು ಮೂರು ಸೋಲಿಗೆ ಅತಿ ಕೆಟ್ಟ ಕೋಚ್ ಅನ್ನುವುದೇ? ಸುಮ್ನೆ ಹಟ ಅದು.

(ಅಂದ ಹಾಗೆ, 'ಇತಿಹಾಸದಲ್ಲೇ' ಅಂತ ಬರೆದಿದ್ದೀರಿ. ಕ್ಲಬ್ ಹುಟ್ಟಿದ್ದು 2013ರಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದ ಊರಿದು. ಗೌತಮಪುರದ ಹಳೇ ಆಟಗಾರರ ಮುಂದೆ ಈ ಮಾತು ಆಡಬೇಡಿ, ನಕ್ಕುಬಿಡುತ್ತಾರೆ.)

ಝಾರಗೋಝಾ ವಿಷಯ ಬೇಗ ಮುಗಿಯುತ್ತದೆ. 2023-24ರಲ್ಲಿ ತಂಡ 12ರಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು. ಐಎಸ್‌ಎಲ್‌ಗೆ ಬಂದ ಮೇಲೆ ಅಷ್ಟು ಕೆಳಗೆ ನಾವು ಹೋಗಿರಲಿಲ್ಲ. ಆದರೆ ಅವರು ಬಂದದ್ದು ಸೀಸನ್ ನಡುವೆ, ಡಿಸೆಂಬರ್‌ನಲ್ಲಿ. ಮರುವರ್ಷ ಅದೇ ಮನುಷ್ಯನ ತಂಡ ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ 5-0 ಬಾರಿಸಿತು. ಸೆಮಿಫೈನಲ್‌ನಲ್ಲಿ ನಮ್ಮ 40 ವರ್ಷದ ಸುನಿಲ್ ಛೆಟ್ರಿ ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ಗೋವಾವನ್ನು ಮನೆಗೆ ಕಳಿಸಿದರು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಸೋತದ್ದೂ ಹೆಚ್ಚುವರಿ ಸಮಯದಲ್ಲಿ. ಮೂರನೆಯವರು ಕಾಫಿ ಕೊಡಿಸಲಿ, ಸಾಕು.

ಈಗ ನಿಮ್ಮ ಸರದಿ. ಸೈಮನ್ ಗ್ರೇಸನ್ ಮೇಲೆ ನಿಮಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. 2023ರ ಡಿಸೆಂಬರ್ 8ರಂದು ಕಂಠೀರವದಲ್ಲಿ ಮುಂಬೈ ಸಿಟಿ ಎದುರು 0-4. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು. ಮರುದಿನ ಗ್ರೇಸನ್ ಇಲ್ಲ. ಆ ಮೂರು ತಿಂಗಳಷ್ಟು ಕೆಟ್ಟ ಕಾಲ ಕ್ಲಬ್ಬಿಗೆ ಇನ್ನೊಂದಿಲ್ಲ, ಒಪ್ಪಿದೆ.

ಆದರೆ ಅದೇ ವರ್ಷದ ಮಾರ್ಚ್ 3 ನೆನಪಿಸಿಕೊಳ್ಳಿ. ಅದೇ ಮೈದಾನ. ಎದುರಿಗೆ ಕೇರಳ ಬ್ಲಾಸ್ಟರ್ಸ್. ಅವರು ಚೆಂಡು ತಡೆಯಲು ಸಾಲಾಗಿ ನಿಂತು ಗೋಡೆ ಕಟ್ಟುವಷ್ಟರಲ್ಲಿ ಛೆಟ್ರಿ ಫ್ರೀಕಿಕ್ ಒದ್ದು ಬಲೆಗೆ ಸೇರಿಸಿದರು. ಅವರ ಕೋಚ್ ತಂಡವನ್ನೇ ಕರೆದುಕೊಂಡು ಮೈದಾನ ಬಿಟ್ಟು ಹೋದರು! ಆ ರಾತ್ರಿ ಕುಣಿದವರಲ್ಲಿ ನೀವೂ ಇದ್ದಿರಿ ಅಲ್ವಾ? ಅವತ್ತೂ ಕೋಚ್ ಗ್ರೇಸನ್ ಅವರೇ. ಅದಕ್ಕೆ ಮೊದಲು ಲೀಗ್‌ನಲ್ಲಿ ಸತತ ಎಂಟು ಗೆಲುವು, ಆಮೇಲೆ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿದ್ದು, ಫೈನಲ್ ಸೋತದ್ದೂ ಪೆನಾಲ್ಟಿಯಲ್ಲೇ. ಹಿಂದಿನ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಟೂರ್ನಿ ಗೆದ್ದದ್ದು ಬೇರೆ.

ಆದರೆ 2023ರ ಬೇಸಿಗೆಯಲ್ಲಿ ನಮ್ಮ ಆಟಗಾರರು ಚದುರಿದರು. ರಾಯ್ ಕೃಷ್ಣ ಒಡಿಶಾಗೆ ಹೋದರು. ಸಂದೇಶ್ ಝಿಂಗನ್, ಉದಾಂತ ಸಿಂಗ್ ಗೋವಾಗೆ. ಪ್ರಬೀರ್ ದಾಸ್ ಕೇರಳಕ್ಕೆ. ಬೇಳೆ, ಹುಣಸೆಹಣ್ಣು ಎರಡೂ ಎತ್ತಿಟ್ಟು ಸಾರು ಕೆಟ್ಟಿತು ಅಂತ ಅಡುಗೆ ಭಟ್ಟರನ್ನು ಬೈದ ಹಾಗಾಯಿತು. ತಪ್ಪೆಲ್ಲ ಭಟ್ಟರದಲ್ಲ ಅನ್ನುತ್ತಿಲ್ಲ. ಅರ್ಧ ಅವರದೇ.

ಗ್ರೇಸನ್ ಹಣೆಬರಹ ಇಂಗ್ಲೆಂಡಿನಲ್ಲೂ ಹೀಗೇ ಇತ್ತು. ಲೀಡ್ಸ್ ಕ್ಲಬ್ಬಿನವರಿಗೆ ಅವರು 2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರದೇ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಎಫ್ಎ ಕಪ್‌ನಿಂದ ಹೊರಹಾಕಿದ ಮನುಷ್ಯ. ಅದೇ ವರ್ಷ ತಂಡವನ್ನು ಮೂರನೇ ದರ್ಜೆಯಿಂದ ಮೇಲೆತ್ತಿದವರು. ಸಂಡರ್‌ಲ್ಯಾಂಡ್ ಕ್ಲಬ್ಬಿನವರನ್ನು ಕೇಳಿ ನೋಡಿ, ಮುಖ ಸಿಂಡರಿಸುತ್ತಾರೆ. ಅಲ್ಲಿ 2017ರಲ್ಲಿ 15 ಲೀಗ್ ಪಂದ್ಯಗಳಲ್ಲಿ ಒಂದು ಗೆಲುವು, ಅಕ್ಟೋಬರ್ ಕೊನೆಗೆ ಮನೆಗೆ.

ಇನ್ನು ನನ್ನ ವೋಟು. ನಿಮ್ಮ ನಾಲ್ವರ ಬಾಯಲ್ಲೂ ಬಾರದ ಹೆಸರು ಮಾರ್ಕೊ ಪೆಝೈಯೋಲಿ, ಗ್ರೇಸನ್‌ಗೆ ಮೊದಲಿದ್ದ ಕೋಚ್. ಕ್ಲಬ್ಬಿನ ಮೊದಲ ಕೋಚ್ ವೆಸ್ಟ್‌ವುಡ್ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದರು. ರೋಕಾ ನಮ್ಮನ್ನು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತನಕ ಒಯ್ದರು. ಉಳಿದವರದು ಈಗಾಗಲೇ ಹೇಳಿದೆ. ಪೂರ್ಣಾವಧಿಗೆ ಅಂತ ನೇಮಕವಾದವರಲ್ಲಿ ಝಾರಗೋಝಾ ತನಕ ನೋಡಿದರೆ, ಒಂದು ಕಪ್ಪೂ ಇಲ್ಲದೆ, ಒಂದು ಫೈನಲ್ಲೂ ಇಲ್ಲದೆ ಹೋದವರು ಪೆಝೈಯೋಲಿ ಒಬ್ಬರೇ. 2021-22ರಲ್ಲಿ 6ನೇ ಸ್ಥಾನ. ಆಗ ಸೆಮಿಫೈನಲ್‌ಗೆ ಮೊದಲ ನಾಲ್ಕು ತಂಡಕ್ಕಷ್ಟೇ ಜಾಗ.

ಆದರೂ ಅವರನ್ನು ಯಾಕೆ ಯಾರೂ ಬೈಯುವುದಿಲ್ಲ ಗೊತ್ತಾ? ಕೋವಿಡ್ ಕಾಲ. ಇಡೀ ಲೀಗ್ ಗೋವಾದಲ್ಲಿ, ಖಾಲಿ ಸ್ಟೇಡಿಯಂಗಳಲ್ಲಿ ನಡೆಯಿತು. ಎಎಫ್‌ಸಿ ಕಪ್ ಪಂದ್ಯಗಳಿಗೂ ಮಾಲ್ಡೀವ್ಸ್‌ಗೆ ಹೋಗಬೇಕಾಯಿತು. ಪೆಝೈಯೋಲಿ ನಮ್ಮ ಕೋಚ್ ಆಗಿ ಕಂಠೀರವದಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನಿಂದ ಒಂದು ಬೈಗುಳವೂ ಅವರ ಕಿವಿಗೆ ಬೀಳಲಿಲ್ಲ. ಟಿವಿಯಲ್ಲಿ ನೋಡಿದ ಸೋಲು ಚಾನೆಲ್ ಬದಲಿಸಿದರೆ ಹೋಗುತ್ತದೆ. ದುಡ್ಡು ಕೊಟ್ಟು, ಗಂಟಲು ಹರಿದುಕೊಂಡು, ಟ್ರ್ಯಾಕ್ ಆಚೆಯಿಂದ ಕಣ್ಣಾರೆ ನೋಡಿದ 0-4 ಹೋಗುವುದಿಲ್ಲ. ನೀವು ಗ್ರೇಸನ್‌ಗೆ ವೋಟು ಹಾಕಿದ್ದು ಅದಕ್ಕೇ.

ಹಾಗಂತ ನನ್ನ ವೋಟು ಗಟ್ಟಿ ಅಂತ ಬೀಗುವುದಿಲ್ಲ. ರೋಷನ್ ಸಿಂಗ್ ಆ ಸೀಸನ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದದ್ದು ಪೆಝೈಯೋಲಿ ಕೈಕೆಳಗೆ. ಯುವ ಆಟಗಾರ ಶಿವಶಕ್ತಿಯನ್ನು ಐಎಸ್‌ಎಲ್‌ನಲ್ಲಿ ಕಣಕ್ಕಿಳಿಸಿದ್ದೂ ಅವರೇ. ಮುಂದೆ ಗ್ರೇಸನ್ ಗೆದ್ದ ಡ್ಯುರಾಂಡ್ ಫೈನಲ್‌ನಲ್ಲಿ ನಮ್ಮ ಮೊದಲ ಗೋಲು ಅದೇ ಶಿವಶಕ್ತಿಯದು. ಇದನ್ನು ಹಿಡಿದುಕೊಂಡು ಯಾರಾದರೂ ನನ್ನ ಮೇಲೆ ಬಿದ್ದರೆ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.